ಜರ್ಮನಿಗೆ ಹೊರಡುವ ಮುನ್ನ ಬೆಂಗಳೂರಿಗೆ

ಜರ್ಮನಿಯಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಹೊರಟವರಿಗಾಗಿ ನಾಳೆ ಬೆಂಗಳೂರಿನಲ್ಲಿ ನಡೆಯುವ ಓರಿಯೆಂಟೇಶನ್‌ಗೆಂದು ಧಾರವಾಡದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ್ದೇನೆ. ನಮ್ಮ ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ, ಪ್ರವೇಶಪತ್ರ, ಬ್ಲಾಕ್ಡ್ ಅಕೌಂಟಿನ ದೃಢೀಕರಣ ಎಲ್ಲವೂ ಇರುವ ಪ್ಲಾಸ್ಟಿಕ್ ಫೈಲನ್ನು ದಿಂಬಿನ ಕೆಳಗೆ ಇಡುವುದನ್ನು ಕಂಡ ಎದುರಿನ ಬರ್ತಿನ ಅಜ್ಜಾರು, “ಏನ್ ತಮ್ಮಾ, ಹೊಲದ ಕಾಗದಾ ಅದಾವೇನು?” ಎಂದು ಕೇಳಿದರು. ಅವರ ಊಹೆ ಪೂರ್ತಿ ಸುಳ್ಳೇನಲ್ಲ. ಸದ್ಯದ ನಿಯಮದಂತೆ ಒಂದು ವರ್ಷದ ಖರ್ಚಿಗೆ 11,904 ಯೂರೋಗಳನ್ನು ಮೊದಲೇ ಆ ಬ್ಲಾಕ್ಡ್ ಅಕೌಂಟಿನಲ್ಲಿಟ್ಟು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಮಾತ್ರ ತೆಗೆಯಬೇಕಾಗಿರುವುದರಿಂದ, ಅಪ್ಪ ಮನೆಯ ಪತ್ರಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದಾರೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದನ್ನಷ್ಟೇ ಕೇಳಿರುವ ನೆಂಟರು ಮಾತ್ರ ‘ಪುಕ್ಕಟೆ ಓದು’ ಎಂದೇ ಹೇಳಿಕೊಂಡು ತಿರುಗುತ್ತಿದ್ದಾರೆ!

ಹವಾಮಾನ, ಊಟ, ಉಡುಪುಗಳ ವಿಚಾರವನ್ನು ಹೇಗೋ ನಿಭಾಯಿಸಬಹುದು. ನನ್ನನ್ನು ಕಾಡುತ್ತಿರುವುದು ವಿಳಾಸದ ನೋಂದಣಿ. ಮನೆ ಸೇರಿದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು, ಮುಂದೆ ವಾಸದ ಪರವಾನಗಿಗೂ ಆ ನೋಂದಣಿಯೇ ಆಧಾರ. ವಿದ್ಯಾರ್ಥಿನಿಲಯದಲ್ಲಿ ಕೋಣೆ ಸಿಗುವವರೆಗೆ ಪರಿಚಿತರ ಮನೆಯಲ್ಲೋ ಪ್ರವಾಸಿಗರ ಹಾಸ್ಟೆಲಿನಲ್ಲೋ ತಂಗುವವರು ಆ ಪತ್ರವನ್ನು ಯಾರಿಂದ ಪಡೆಯಬೇಕು ಎಂಬುದನ್ನೇ ನಾಳೆ ಮೊದಲು ಕೇಳಬೇಕೆಂದಿದ್ದೇನೆ. ಈಗಾಗಲೇ ಹೋಗಿ ನೆಲೆಸಿರುವ ಗೆಳೆಯರು ತಿಳಿಸಿದರೂ ಉಪಕಾರವಾದೀತು.