ಕಡಲೆಕಾಳಿಗಿಂತ ಚಿಕ್ಕ ತೂತು

ರಾತ್ರಿ ಮಳೆ ಜೋರಾಗಿತ್ತು, ಕರೆಂಟ್ ಹೋಗಿತ್ತು. ಬೆಂಗಳೂರಿನಲ್ಲಿ ಇದೇನು ಹೊಸದಲ್ಲವಲ್ಲ, ಮಲಗಿಬಿಟ್ಟೆ. ಒಂದೂವರೆ ಗಂಟೆಗೆ ಅಮ್ಮ ಬಂದು ಎಬ್ಬಿಸಿದರು. "ಏಳೋ, ಹಾಲ್ ತುಂಬಾ ನೀರು!" ಕಾಲಿಗೆ ತಾಗಿದ ನೀರನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು.

ಮೊದಲು ಮಾಡಿದ್ದು ಎಲ್ಲ ಪ್ಲಗ್ ಕಿತ್ತಿದ್ದು. ಉಪ್ಪು ನೀರಿನಲ್ಲಿ ನಿಂತಿರುವಾಗ ಕರೆಂಟ್ ವಾಪಸ್ ಬಂದರೆ ಏನು ಗತಿ? ಆಮೇಲೆ ಬ್ಯಾಟರಿಯ ಏರ್ ಪಂಪ್ ಹಚ್ಚಿ ನಮ್ಮ ಸಮುದ್ರ ಮೀನಿನ ಟ್ಯಾಂಕಿಗೆ ಬಿಟ್ಟೆ. ಕ್ಲೌನ್ ಮೀನುಗಳು ಎರಡೂ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು.

ನಮ್ಮದು 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕ್. ಕೆಳಗಿನ ಕ್ಯಾಬಿನೆಟ್‌ನಲ್ಲಿ ಇನ್ನೊಂದು ಗಾಜಿನ ತೊಟ್ಟಿ ಇದೆ, ಅದಕ್ಕೆ ಸಂಪ್ ಅನ್ನುತ್ತೇವೆ. ಮೇಲಿನ ನೀರು ಪೈಪಿನಲ್ಲಿ ಸಂಪ್‌ಗೆ ಇಳಿಯುತ್ತದೆ, ರಿಟರ್ನ್ ಪಂಪ್ ಅದನ್ನು ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲಕ್ಕೆ ತಳ್ಳುತ್ತದೆ. ಪಂಪ್ ನಿಂತರೆ ಅದೇ ಪೈಪ್ ಉಲ್ಟಾ ಎಳೆಯಲು ಶುರು ಮಾಡುತ್ತದೆ, ಯಾಕೆಂದರೆ ಅದರ ಬಾಯಿ ನೀರಲ್ಲಿ ಮುಳುಗಿರುತ್ತದೆ. ಇದನ್ನು ತಡೆಯಲೆಂದೇ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಒಂದು ಸಣ್ಣ ತೂತು ಕೊರೆದಿರುತ್ತಾರೆ. ನೀರು ಅಲ್ಲಿವರೆಗೆ ಇಳಿದರೆ ಗಾಳಿ ಒಳಗೆ ಹೋಗಿ ಎಳೆತ ನಿಂತುಹೋಗುತ್ತದೆ.

ಟಾರ್ಚ್ ಬಿಟ್ಟು ನೋಡಿದೆ. ತೂತೇ ಕಾಣಲಿಲ್ಲ. ಪೈಪಿನ ಮೇಲೆಲ್ಲ ನೇರಳೆ ಬಣ್ಣದ ಕೋರಲೈನ್ ಪಾಚಿ, ಕಲ್ಲಿನಷ್ಟು ಗಟ್ಟಿ. ಚೆನ್ನಾಗಿ ಕಾಣುತ್ತೆ ಅಂತ ನಾನೇ ಕೆರೆಯದೆ ಬಿಟ್ಟಿದ್ದೆ. ಬೆರಳಲ್ಲಿ ಸವರಿ ಸವರಿ ಜಾಗ ಹುಡುಕಿ, ಹಲ್ಲುಕಡ್ಡಿಯಿಂದ ಚುಚ್ಚಿದೆ. ಕಡ್ಡಿ ಮುರಿಯಿತು. ಕೊನೆಗೆ ಸಣ್ಣ ಸ್ಕ್ರೂಡ್ರೈವರ್ ಬೇಕಾಯಿತು. ಎನ್‌ಆರ್‌ವಿ (ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್) ಇದೆಯಲ್ಲ ಅಂತ ಧೈರ್ಯ ಇತ್ತು. ಬಿಚ್ಚಿದರೆ ಅದರ ರೆಕ್ಕೆಯ ಸಂದಿಯಲ್ಲಿ ಒಂದು ಪುಟ್ಟ ಬಸವನಹುಳುವಿನ ಚಿಪ್ಪು ಸಿಕ್ಕಿಕೊಂಡಿತ್ತು!

ಟ್ಯಾಂಕಿನಲ್ಲಿ ನೀರು 7 ಸೆಂಟಿಮೀಟರ್ ಇಳಿದಿತ್ತು. ನಮ್ಮ ಟ್ಯಾಂಕಿಗೆ ಒಂದು ಸೆಂಟಿಮೀಟರ್ ಅಂದರೆ ಐದೂವರೆ ಲೀಟರ್. ಅಲ್ಲಿಗೆ 38 ಲೀಟರ್ ಕೆಳಗೆ ಬಂದ ಹಾಗಾಯಿತು. ಸಂಪ್‌ನಲ್ಲಿ ಜಾಗ ಇದ್ದದ್ದು 25 ಲೀಟರಿಗೆ ಮಾತ್ರ.

ಮೂರು ಗಂಟೆಗೆ ಕರೆಂಟ್ ಬಂತು. ನೆಲ ಒರೆಸಿ, ಬೋರ್ಡ್ ಒಣಗಿದೆ ಅಂತ ನೋಡಿಕೊಂಡು ಪಂಪ್ ಹಾಕಿದರೆ ಬರೀ ಗುಂಯ್ ಅನ್ನುವ ಸದ್ದು, ನೀರು ಮೇಲೆ ಬರುತ್ತಿಲ್ಲ. ಮತ್ತೆ ಪ್ಲಗ್ ಕಿತ್ತು ಪಂಪ್ ಬಿಚ್ಚಿದೆ. ಬೋರ್‌ವೆಲ್ ನೀರಿನ ಮನೆಯಲ್ಲಿ ಗೀಸರ್ ಕಾಯಿಲ್ ನೋಡಿದ್ದೀರಲ್ಲ, ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಹಾಗೇ ಬಿಳೀ ಸುಣ್ಣ ಕಟ್ಟಿತ್ತು. ಮೋಟಾರಿನ ಬಿಸಿಗೆ ಸಮುದ್ರದ ನೀರಿನ ಕ್ಯಾಲ್ಸಿಯಂ ಹೀಗೆ ಕೂರುತ್ತದೆ. ತಿರುಗುತ್ತಿರುವಷ್ಟು ದಿನ ಗೊತ್ತೇ ಆಗುವುದಿಲ್ಲ. ಒಮ್ಮೆ ನಿಂತರೆ ಮತ್ತೆ ಹೊರಡುವುದಿಲ್ಲ. ಅರ್ಧ ಬಿಳಿ ವಿನೆಗರ್, ಅರ್ಧ ನೀರು ಸೇರಿಸಿ ಬೋಗುಣಿಯಲ್ಲಿ ಮುಳುಗಿಸಿಟ್ಟೆ. ಸಣ್ಣ ಸಣ್ಣ ಗುಳ್ಳೆ ಏಳುತ್ತಾ ಸುಣ್ಣ ಕರಗುವುದನ್ನು ನೋಡುತ್ತಾ ಕೂತಿದ್ದೆ. ಒಂದು ಗಂಟೆ ಬಿಟ್ಟು ಹಳೇ ಬ್ರಶ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಜೋಡಿಸಿದೆ.

ಪೈಪ್ ಜೋಡಿಸುವ ಯೂನಿಯನ್ ಹತ್ತಿರ ಮಾತ್ರ ಸೋರುತ್ತಿತ್ತು. ಬೆಳಿಗ್ಗೆ ಬಂದ ಪ್ಲಂಬರ್ ಅಣ್ಣ ಹಿತ್ತಾಳೆ ನಿಪ್ಪಲ್ ತೆಗೆದರು, "ಇದು ಗಟ್ಟಿ ಸರ್" ಅಂತ. ಬೇಡವೇ ಬೇಡ ಅಂದೆ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ಸಿಗಡಿ, ಹವಳಗಳಿಗೆ ಅದು ವಿಷ. ಹೊಸ ವಾಷರ್ ಹಾಕಿದ್ದಕ್ಕೇ ಸೋರುವುದು ನಿಂತಿತು.

ಚೆಲ್ಲಿದ 13 ಲೀಟರಿಗೆ ಉಪ್ಪು ಬೆರೆಸಿದ ನೀರನ್ನೇ ಹಾಕಬೇಕು. ಆವಿಯಾಗಿ ಕಮ್ಮಿಯಾದರೆ ಬರೀ ಆರ್‌ಒ ನೀರು ಸಾಕು, ಆದರೆ ಚೆಲ್ಲಿದಾಗ ಉಪ್ಪೂ ಜೊತೆಗೆ ಹೋಗಿರುತ್ತದೆ. ಉಪ್ಪಿನ ಪ್ರಮಾಣ ತೋರಿಸುವ ಸಾಪೇಕ್ಷ ಸಾಂದ್ರತೆ 1.025ಕ್ಕೆ ಬರುವವರೆಗೆ ಕಲಸಿ, ಬಿಸಿ ಸರಿಮಾಡಿ, ನಿಧಾನಕ್ಕೆ ಸುರಿದೆ.

ಆಮೇಲೆ ಬೇಕಂತಲೇ ಪಂಪ್ ಆಫ್ ಮಾಡಿದೆ. ಅಮ್ಮ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಮೇಲಿನ ನೀರು ಇಳಿಯುತ್ತಾ ತೂತಿನ ಹತ್ತಿರ ಬಂತು. ಗೊಳಗೊಳ ಸದ್ದಾಗಿ ಪೈಪ್ ಗಾಳಿ ಎಳೆದುಕೊಂಡಿತು. ಸಂಪ್ ತುಂಬಲು ಇನ್ನೂ ಮೂರು ಬೆರಳು ಬಾಕಿ ಇರುವಾಗಲೇ ನೀರು ನಿಂತುಹೋಯಿತು.

"ಇನ್ನೊಂದು ಸಲ ಆನ್ ಮಾಡಿ ಆಫ್ ಮಾಡು, ನೋಡೋಣ" ಅಂದರು ಅಮ್ಮ.