ಗರ ಬಿತ್ತು, ಏನು ಬಂತು?

ಮೇ ತಿಂಗಳ ಗಂಗಾವತಿಯಲ್ಲಿ ಮಧ್ಯಾಹ್ನ ಹನ್ನೆರಡಾದ ಮೇಲೆ ನಾಯಿಯೂ ಓಣಿ ದಾಟುವುದಿಲ್ಲ. ಅಂಥದೊಂದು ಭಾನುವಾರ ಕರೆಂಟ್ ಹೋಗಿ ಮುಕ್ಕಾಲು ತಾಸಾಗಿತ್ತು. ರಜೆಗೆ ಬಂದಿದ್ದ ಅಕ್ಕನ ಮೂವರು ಮಕ್ಕಳು ಪಡಸಾಲೆಯ ಕಲ್ಲಿಗೆ ಹೊಟ್ಟೆ ಹಚ್ಚಿ ಮಲಗಿದ್ದರು. ಮೊಬೈಲುಗಳು ಒಂದೊಂದಾಗಿ ಸತ್ತಿದ್ದವು. ದೊಡ್ಡವನು ಎದ್ದು ಹೋಗಿ ತನ್ನ ಬ್ಯಾಗಿನಿಂದ ಸಣ್ಣದೊಂದು ಬಟ್ಟೆ ಚೀಲ ತಂದು ನೆಲಕ್ಕೆ ಸುರುವಿದ. ಏಳು ದಾಳ ಉರುಳಿಕೊಂಡು ಏಳು ದಿಕ್ಕಿಗೆ ಹೋದವು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಹುಡುಗ ಬಂದ ದಿನವೇ ಆ ದಾಳಗಳಿಗೆ ಮನಸೋತಿದ್ದೆ. ನಾಲ್ಕು ಮುಖದ್ದು, ಆರರದ್ದು, ಎಂಟರದ್ದು, ಹನ್ನೆರಡರದ್ದು, ಇಪ್ಪತ್ತರದ್ದು: ವರ್ಷಗಟ್ಟಲೆ ಬೋರ್ಡಿನ ಮೇಲೆ ಸೊಟ್ಟಸೊಟ್ಟ ಗೆರೆ ಎಳೆದು ತೋರಿಸಿದ, ಅಂಚು ಮುಖ ಎಲ್ಲ ಸಮನಾದ ಐದೂ ಸಮಘನಗಳು ಒಂದು ಮುಷ್ಟಿಯಲ್ಲಿ ಹಿಡಿಸುತ್ತಿದ್ದವು. ಹತ್ತು ಮುಖದವು ಎರಡಿದ್ದವು, ಅವು ಆ ಮನೆತನದವಲ್ಲ, ಲೆಕ್ಕದ ಅನುಕೂಲಕ್ಕೆ ಬಂದು ಸೇರಿದವು. ಒಂದರಲ್ಲಿ ಬಿಡಿ, ಇನ್ನೊಂದರಲ್ಲಿ ಹತ್ತು. ಎರಡನ್ನೂ ಕೂಡಿಸಿ ಹಾಕಿದರೆ ಒಂದರಿಂದ ನೂರರವರೆಗೆ ಯಾವುದಾದರೂ ಬೀಳುತ್ತದೆ. ಇಪ್ಪತ್ತು ಮುಖದ್ದನ್ನು ಹಿಡಿದು ನೋಡಿದೆ: ಎದುರುಬದುರು ಮುಖ ಕೂಡಿಸಿದರೆ ಎಲ್ಲಿಯೂ 21.

ಆಟವನ್ನು ಹುಡುಗನೇ ವಿವರಿಸಿದ್ದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನಿಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂತ ಹೊರತಂದರಂತೆ. ಒಬ್ಬ ಕಥೆ ನಡೆಸುವವನು, ಉಳಿದವರು ಪಾತ್ರಗಳು. ಕತ್ತಿ ಬೀಸಿದ್ದು ತಾಗಿತೋ, ಬೀಗ ಮುರಿಯಿತೋ ಎಂಬುದನ್ನು ದಾಳ ಹೇಳಬೇಕು. ಇದರ ಜೊತೆಗೆ ಪಟ್ಟಿಗಳು. ದಾರಿಯಲ್ಲಿ ಯಾರು ಸಿಕ್ಕರು, ಸತ್ತ ರಾಕ್ಷಸನ ಜೇಬಿನಲ್ಲಿ ಏನಿತ್ತು, ಮಂತ್ರ ತಪ್ಪಿದರೆ ಏನಾಗುತ್ತದೆ ಅಂತ ಸಾಲುಸಾಲಾಗಿ ಬರೆದು ಎಡಕ್ಕೆ ಅಂಕಿ ಹಾಕಿರುತ್ತಾರೆ. ದಾಳ ಹಾಕು, ಬಿದ್ದ ಅಂಕಿಯ ಸಾಲು ಓದು, ಅದೇ ಆಯಿತು. ಮಂತ್ರ ತಪ್ಪಿದವನು ಕುಂಡದಲ್ಲಿನ ಗಿಡವಾಗಿಬಿಡುವುದೂ ಅಂಥ ಒಂದು ಪಟ್ಟಿಯಲ್ಲಿ ಇದೆಯಂತೆ.

ಇಷ್ಟು ಕೇಳಿ ನನಗೆ ಹುರುಪು ಬಂತು. ಶನಿವಾರ ರಾತ್ರಿ ಕೂತು ಶಾಲೆಯ ಹಳೆ ಪ್ರಶ್ನೆಪತ್ರಿಕೆಯೊಂದರ ಹಿಂಬದಿಗೆ ‘ಮಂತ್ರ ತಪ್ಪಿದರೆ’ ಅಂತ ತಲೆಬರಹ ಕೊಟ್ಟು ಇಪ್ಪತ್ತು ಸಾಲು ಬರೆದೆ. 3: ಗಡ್ಡ ಹಸಿರಾಗುತ್ತದೆ. 9: ಮಂಡಕ್ಕಿ ಮಳೆ ಸುರಿಯುತ್ತದೆ. 14: ಎಲ್ಲರ ಆಯುಧವೂ ಬಾಳೆಹಣ್ಣಾಗುತ್ತದೆ. 17: ನಿನ್ನ ಎಡಗಿವಿ ಒಂದು ತಾಸು ಕಪ್ಪೆಯಾಗಿರುತ್ತದೆ. ಈ ಹದಿನೇಳನೆಯದು ಬರೆದಾಗ ನಾನೊಬ್ಬನೇ ಗಟ್ಟಿಯಾಗಿ ನಕ್ಕು, ಒಳಗೆ ಮಲಗಿದ್ದ ಹೆಂಡತಿಯಿಂದ ಬೈಸಿಕೊಂಡೆ.

ಆಟ ಶುರುವಾಯಿತು. ದೊಡ್ಡವನು ಕತ್ತಿಯವ, ನಡುವಿನವಳು ಮಂತ್ರಗಾತಿ, ಎಂಟು ವರ್ಷದ ಸಣ್ಣವನು ಕಳ್ಳ. ಇಂಗ್ಲಿಷಿನ ಕಥೆಗಳು ಹೆಂಡದಂಗಡಿಯಲ್ಲೇ ಶುರುವಾಗುತ್ತವೆ ಅಂತ ದೊಡ್ಡವನು ಹೇಳಿದ. ಅವ್ವ ಅಲ್ಲೇ ಗೋಡೆಗೆ ಒರಗಿ ಕೂತಿದ್ದರಿಂದ ನಾನು ಅದನ್ನು ಖಾನಾವಳಿ ಮಾಡಿದೆ. ಖಾನಾವಳಿಯಲ್ಲಿ ಜಗಳ ಹತ್ತಿತು. ಹುಡುಗಿ ಮಂತ್ರ ಹಾಕಿದಳು, ತಪ್ಪಿತು, ದಾಳ ಹಾಕಿದಳು. ಒಂಬತ್ತು. ಮಂಡಕ್ಕಿ ಮಳೆ! ಮೂವರೂ ಬಿದ್ದುಬಿದ್ದು ನಕ್ಕರು. ನನಗೆ ಎದೆ ಉಬ್ಬಿತು.

ನಗು ನಿಂತ ಮೇಲೆ ಹುಡುಗಿ ಕೇಳಿದಳು, “ಮಾಮಾ, ಮಂಡಕ್ಕಿ ಮಳಿ ಬಂತು. ಮುಂದ?”

ಮುಂದೆ ಏನೂ ಇರಲಿಲ್ಲ. ಮಳೆ ಬಂತು, ನಿಂತಿತು. ಮತ್ತೆ ಮಂತ್ರ, ಮತ್ತೆ ದಾಳ: ಹದಿನಾಲ್ಕು, ಬಾಳೆಹಣ್ಣು. ಮತ್ತೊಮ್ಮೆ ಹದಿನಾಲ್ಕು. ಎರಡನೆಯ ಸಲ ಬಾಳೆಹಣ್ಣಿಗೆ ಯಾರೂ ನಗಲಿಲ್ಲ. ಸಣ್ಣವನು ಆಗಲೇ ನಾಲ್ಕು ಮುಖದ ದಾಳವನ್ನು ಕಾಲ್ಬೆರಳ ಸಂದಿಯಲ್ಲಿ ಸಿಗಿಸಿಕೊಳ್ಳುವ ಆಟ ಕಂಡುಹಿಡಿದಿದ್ದ. ಹದಿನೇಳು ಬೀಳಲಿ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಬೀಳಲಿಲ್ಲ.

ಐದರ ಸುಮಾರಿಗೆ ಮಾಳಿಗೆಗೆ ನೆರಳು ಬಂದಾಗ ಎಲ್ಲರೂ ಮೇಲೆ ಹೋದೆವು. ಅವ್ವ ಸಂಡಿಗೆ ಒಣಹಾಕಿದ್ದರು. ಕಾಗೆ ಕಾಯಲು ಬೆತ್ತ ಹಿಡಿದು ಅವರೂ ಬಂದರು. ಬೇಸತ್ತ ಸಣ್ಣವನು ತನ್ನ ಸರದಿ ಬಂದಾಗ ಇಪ್ಪತ್ತರ ದಾಳವನ್ನು ಗೋಲಿ ಹೊಡೆದಂತೆ ಹೊಡೆದ. ಅದು ಪ್ಯಾರಾಪೆಟ್ಟಿನ ತೂತಿನ ಅಂಚಿಗೆ ಬಡಿದು, ಪುಟಿದು, ಪಕ್ಕದ ಮನೆಯ ಕಡೆ ಹಾರಿತು. ಬಗ್ಗಿ ನೋಡಿದರೆ ಕೆಳಗಿನ ಮಾಳಿಗೆಯ ತುಂಬ ಚಾದರ ಹಾಸಿ ಅಕ್ಕಿ ಹರವಿದ್ದಾರೆ, ಬಿಳಿ ಅಕ್ಕಿ. ದಾಳವೂ ಬಿಳಿದೇ.

ದೊಡ್ಡವನು ತಮ್ಮನನ್ನು ಹೊಡೆಯಲು ಎದ್ದ. ನಾನು ಅಡ್ಡ ಬಂದೆ. ಅಷ್ಟರಲ್ಲಿ ಅವ್ವ ಸೆರಗಿನ ಗಂಟು ಬಿಚ್ಚುತ್ತಿದ್ದರು. ಎಲೆಅಡಿಕೆಯ ಜೊತೆ ಅವರ ಗಂಟಿನಲ್ಲಿ ಯಾವತ್ತೂ ನಾಲ್ಕು ಕವಡೆ ಇರುತ್ತವೆ.

“ತಗೋರಿ. ಇವು ಎಲ್ಲಿಗೂ ಹಾರೂದಿಲ್ಲ.”

“ಅಮ್ಮಾ, ಅದರಾಗ ಇಪ್ಪತ್ತು ಬೀಳಂಗಿಲ್ಲ,” ಅಂದ ದೊಡ್ಡವನು. ನಮ್ಮಲ್ಲಿ ಹಡೆದವಳು ಅವ್ವ, ಅಜ್ಜಿ ಅಮ್ಮ.

“ಇಪ್ಪತ್ತು ಯಾಕ ಬೇಕಪಾ? ಐದು ಸಾಕು.”

ಚೌಕಾಬಾರ ಆಡಿದವರಿಗೆ ಗೊತ್ತು, ಕವಡೆಯಲ್ಲಿ ಬಾಯಿ ಮೇಲೆ ಬಿದ್ದವನ್ನು ಎಣಿಸಬೇಕು. ಒಂದು, ಎರಡು, ಮೂರು. ನಾಲ್ಕೂ ಬಾಯಿ ಬಿಟ್ಟರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಚೌಕ ಬಿದ್ದರೂ ಬಾರ ಬಿದ್ದರೂ ಇನ್ನೊಂದು ಗರ ಹಾಕಬೇಕು. ನಾನು ಸುಣ್ಣದ ಕಡ್ಡಿಯಿಂದ ಮಾಳಿಗೆಯ ಮೇಲೆ ಬರೆಯಲು ಕೂತೆ. ಬರೆಯುತ್ತಿದ್ದಂತೆ ಒಂದು ಮಾತು ತಲೆಗೆ ಹೊಳೆಯಿತು, ಅದು ಹಿಂದಿನ ರಾತ್ರಿಯೇ ಹೊಳೆಯಬೇಕಿತ್ತು, ಗಣಿತದ ಮಾಸ್ತರನಿಗೆ ನಾಚಿಕೆಗೇಡು. ಇಪ್ಪತ್ತರ ದಾಳದಲ್ಲಿ ಎಲ್ಲ ಮುಖಕ್ಕೂ ಒಂದೇ ಬೆಲೆ, ಇಪ್ಪತ್ತರಲ್ಲಿ ಒಂದು. ಅಲ್ಲಿ ಹಸಿರು ಗಡ್ಡಕ್ಕೂ ಆಕಾಶ ಬಿರಿಯುವುದಕ್ಕೂ ಸಮಪಾಲು. ದಿನಾಲೂ ಬೀಳುವ ಪವಾಡ ಯಾರಿಗೆ ಬೇಕು? ಕವಡೆ ಹಾಗಲ್ಲ. ಪ್ರತಿ ಕವಡೆಯೂ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಅಂತ ಹಿಡಿದರೆ ಹದಿನಾರು ಬಗೆಯ ಬೀಳುವಿಕೆ. ಅದರಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ, ಒಂದು ನಾಲ್ಕು ಬಗೆಯಲ್ಲಿ, ಮೂರೂ ನಾಲ್ಕೇ. ಚೌಕಕ್ಕೆ ಒಂದೇ ಬಗೆ, ಬಾರಕ್ಕೆ ಒಂದೇ. (ನಿಜವಾದ ಕವಡೆಗೆ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಲೆಕ್ಕ ಇಷ್ಟು ಸಪಾಟಾಗಿ ಬರುವುದಿಲ್ಲ. ಅವ್ವನ ಕವಡೆಗಳಂತೂ ಅವ್ವನ ಮಾತು ಕೇಳುತ್ತವೆ.) ಅಂದರೆ ನಡುವೆ ದಿನದ ಸಂಗತಿ, ತುದಿಗೆ ಅಪರೂಪದ್ದು. ಪಟ್ಟಿಯನ್ನು ನಾವು ಜಾಣತನದಿಂದ ಜೋಡಿಸಬೇಕಾಗಿಲ್ಲ, ಕವಡೆಯೇ ಜೋಡಿಸಿಕೊಟ್ಟಿದೆ.

“ಯಾವ ಊರಾಗ ನಡೀತೈತಿ ನಿಮ್ಮ ಕಥಿ?” ಅವ್ವ ಕೇಳಿದರು.

ಹುಡುಗ ಯಾವುದೋ ಹಿಮದ ರಾಜ್ಯದ ಹೆಸರು ಹೇಳಿದ. ನಲವತ್ತರ ಬಿಸಿಲಲ್ಲಿ ಬೆಂದ ಮಾಳಿಗೆಯ ಮೇಲೆ ಆ ಮಾತು ನಿಲ್ಲಲಿಲ್ಲ. ಹಿರೇಬೆಣಕಲ್ ಗುಡ್ಡ ಅಂತ ಬರೆದೆ. ನಮ್ಮಿಂದ ದೂರವೇನಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ, ಬಂಡೆಯ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳು ಅಲ್ಲಿ ನೂರಾರು ಇವೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಕೆಲವು ಮನೆಗಳ ಗೋಡೆಯಲ್ಲಿ ದುಂಡನೆಯ ತೂತು. ಪಂಡಿತರು ಅವನ್ನು ಸಮಾಧಿ ಅನ್ನುತ್ತಾರೆ. ನಮ್ಮ ಮಂದಿಗೆ ಅದು ಮೋರೇರ ಗುಡ್ಡ, ಅಲ್ಲಿದ್ದವರು ಮೋರೇರು, ಗಿಡ್ಡ ಗಿಡ್ಡ ಮನುಷ್ಯರು. ಎತ್ತರದ ಬಂಡೆಯ ಮೇಲೊಂದು ನಗಾರಿಯಂಥ ಕಲ್ಲಿದೆ, ಬಾರಿಸಿದರೆ ದೂರದವರೆಗೂ ಕೇಳುತ್ತದೆ. ಅಮೆರಿಕದವರ ಕಥೆಯಲ್ಲಿ ಗಡ್ಡ ಬಿಟ್ಟ ಕುಳ್ಳರು ಗುಡ್ಡ ಕೊರೆದು ಇರುತ್ತಾರಂತೆ. ನಮಗೆ ಬಸ್ಸಿನ ದಾರಿಯಲ್ಲೇ ಇದ್ದಾರೆ.

‘ಯಾರು ಸಿಕ್ಕರು’ ಅಂತ ಬರೆದು ಐದು ಸಾಲು ತುಂಬಿದೆವು. ಒಂದಕ್ಕೆ ಹರಿಗೋಲು ತಲೆಯ ಮೇಲೆ ಹೊತ್ತು ಗುಡ್ಡ ಹತ್ತುವ ಅಂಬಿಗ. ಇದು ಹುಡುಗಿಯದು, ಹಿಂದಿನ ದಿನ ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ಬಂದಿದ್ದಳು. ಎರಡಕ್ಕೆ ಅಂಜನಾದ್ರಿಯ ಕೋತಿ, ಯಾರದೋ ಚಾಳೀಸು ಹಾಕಿಕೊಂಡದ್ದು. ಮೂರಕ್ಕೆ ಕರಡಿ. ನಾಲ್ಕಕ್ಕೆ ಮೋರೇರ ಮುದುಕಿ. ಎಂಟಕ್ಕೆ: ಕಲ್ಲಿನ ನಗಾರಿ ಬಾರಿಸುತ್ತದೆ, ಬಾರಿಸುವವರು ಯಾರೂ ಇಲ್ಲ.

ಬರೆದದ್ದನ್ನು ಓದಿಸಿಕೊಂಡು ಅವ್ವ ಮುಖ ಹಿಂಡಿದರು. “ಕರಡಿ ಯಾಕ ಬಂತು?”

“ಹಂಗ ಬಂತು, ಸಿಕ್ತು,” ಅಂದೆ.

“ಹಂಗ ಯಾರರ ಬರ್ತಾರೇನೋ ಮಾಸ್ತರ? ನಮ್ಮ ಮನಿಗೆ ಬಂದವರು ಏನರ ಬೇಕಂತನ ಬಂದಿರ್ತಾರ. ಮಜ್ಜಿಗಿಯರ ಕೇಳಾಕ ಬಂದಿರ್ತಾರ. ಬರೀ ಅದನ್ನ.”

ಹೀಗೆ ಪಕ್ಕದಲ್ಲಿ ಎರಡನೆಯ ಸಾಲುಪಟ್ಟಿ ಹುಟ್ಟಿತು: ‘ಏನು ಬೇಕಂತೆ’. ಇದನ್ನು ಪೂರ್ತಿ ಅವ್ವನೇ ಹೇಳಿದರು, ಕಾಗೆ ಓಡಿಸುತ್ತಲೇ. ಒಂದು: ಕಾಲಲ್ಲಿ ಜಾಲಿಮುಳ್ಳು ಮುರಿದಿದೆ, ತೆಗೆಯಬೇಕು. ಎರಡು: ದಾರಿ ಕೇಳಬೇಕು, ಆದರೆ ಕೇಳಲು ನಾಚಿಕೆ. ಮೂರು: ಹಳೇ ಕೈಗಡ ವಾಪಸ್ ಕೊಡಬೇಕು. ನಾಲ್ಕು: ಮಗಳಿಗೆ ವರ ನೋಡುತ್ತಿದ್ದಾರೆ. ಎಂಟು: ನಿಮ್ಮಲ್ಲಿ ಒಬ್ಬರ ಹೆಸರು ಅವರಿಗೆ ಆಗಲೇ ಗೊತ್ತು.

ನಾನು ಬರೆಯುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದೆ. ಅವರು ಸಂಡಿಗೆ ಮಗುಚುತ್ತಿದ್ದರು.

ಎರಡು ಪಟ್ಟಿ, ಐದೈದು ಸಾಲು, ಇಪ್ಪತ್ತೈದು ಜೋಡಿ. ನನ್ನ ಇಪ್ಪತ್ತು ಸಾಲಿಗಿಂತ ಐದು ಹೆಚ್ಚೇ ಆಯಿತು, ಬರೆದದ್ದು ಹತ್ತೇ. ದೊಡ್ಡವನು ಹಾಕಿದ ಮೊದಲ ಗರ ಎರಡು, ನಂತರ ನಾಲ್ಕು: ಚಾಳೀಸಿನ ಕೋತಿ ಮಗಳಿಗೆ ವರ ನೋಡುತ್ತಿದೆ. ಕತ್ತಿಯವನಿಗೆ ಕೋತಿ ಹೊಲ ಎಷ್ಟು, ನೀರಾವರಿಯೋ ಒಣಬೇಸಾಯವೋ ಅಂತ ವಿಚಾರಿಸಿತು. ಕಾಲು ತಾಸು ಅದೇ ನಡೆಯಿತು.

ಆಮೇಲೆ ಸಣ್ಣವನಿಗೆ ಚೌಕ ಬಿತ್ತು. ಮೋರೇರ ಮುದುಕಿ. ಇನ್ನೊಂದು ಗರ: ಮೂರು.

“ಏನು ಕೈಗಡ ಒಯ್ದಿದ್ಲು, ಅಮ್ಮಾ?”

“ಒರಳುಕಲ್ಲು. ನಿಮ್ಮ ಮುತ್ಯಾನ ಮುತ್ಯಾನ ಕಾಲದಾಗ.”

“ಈಗ್ಯಾಕ ಕೊಡಾಕ ಬಂದ್ಲು?”

“ಮಿಕ್ಸಿ ತಗೊಂಡಿರಬೇಕು.”

ಒರಳು ಕಲ್ಮನೆಯ ಒಳಗಿದೆ, ಬಂದು ಒಯ್ಯಿರಿ ಅಂದಳಂತೆ ಮುದುಕಿ. ಬಾಗಿಲಿಲ್ಲ, ದುಂಡನೆಯ ತೂತು ಮಾತ್ರ. ಕತ್ತಿಯವನ ಭುಜ ಹಿಡಿಸುವುದಿಲ್ಲ, ಮಂತ್ರಗಾತಿಗೆ ಕತ್ತಲೆಯ ಹೆದರಿಕೆ. ಮಧ್ಯಾಹ್ನದಿಂದ ಯಾರಿಗೂ ಬೇಡವಾಗಿದ್ದ ಕಳ್ಳ ಎದ್ದು ನಿಂತ. ಎರಡೂ ಕೈ ಮುಂದೆ ಚಾಚಿ, ಕಣ್ಣು ಮುಚ್ಚಿ, ಮಾಳಿಗೆಯ ಮೇಲೆ ನಿಜವಾಗಿಯೂ ತೆವಳಿಕೊಂಡು ಹೋದ. ಮೊಣಕಾಲಿಗೆಲ್ಲ ಸುಣ್ಣ.

ಆ ಮೇಲೊಮ್ಮೆ ಓದುವಾಗ ತಿಳಿಯಿತು, ಇಂಥ ಪಟ್ಟಿ ನಮ್ಮ ದೇಶದವರಿಗೆ ಹಳೆಯ ಪಾಠ. 1890ರಲ್ಲಿ ಮಧ್ಯ ಏಷ್ಯಾದ ಕುಚಾ ಎಂಬಲ್ಲಿ ಬ್ರಿಟಿಷ್ ಸೇನೆಯ ಹ್ಯಾಮಿಲ್ಟನ್ ಬೋವರ್ ಕೈಗೆ ಸಿಕ್ಕ ಸಂಸ್ಕೃತ ಹಸ್ತಪ್ರತಿಯಲ್ಲಿ ಔಷಧಗಳ ಜೊತೆ ದಾಳದ ಶಕುನವೂ ಇದೆ. ನಾಲ್ಕು ಮುಖದ ದಾಳ, ಮೂರು ಸಲ. ನಾಲ್ಕು ನಾಲ್ಕಲೆ ನಾಲ್ಕಲೆ ಅರವತ್ನಾಲ್ಕು ಫಲ. ನಮ್ಮ ಜಾತ್ರೆಯ ಗಿಳಿಶಾಸ್ತ್ರದವನೂ ಇದನ್ನೇ ಮಾಡುತ್ತಾನೆ, ಅವನ ದಾಳಕ್ಕೆ ರೆಕ್ಕೆ ಇದೆ ಅಷ್ಟೆ. ವ್ಯತ್ಯಾಸವೊಂದಿದೆ: ಶಕುನದಲ್ಲಿ ಸಾಲು ಓದಿದ ಮೇಲೆ ಮಾತು ಮುಗಿಯಿತು, ದಕ್ಷಿಣೆ ಕೊಟ್ಟು ಎದ್ದೆ. ಆಟದಲ್ಲಿ ಸಾಲು ಓದಿದ ಮೇಲೆಯೇ ಬಾಯಿ ತೆರೆಯಬೇಕು. ನನ್ನ ಮಂಡಕ್ಕಿ ಮಳೆಗೆ ಆದ ಗತಿ ಶಕುನದ್ದೇ, ಓದಿದಲ್ಲಿಗೇ ಮುಗಿಯಿತು.

ಕತ್ತಲಾಗುತ್ತ ಬಂದಿತ್ತು. ಅವ್ವ, “ನಂದೂ ಒಂದು ಗರ,” ಅಂತ ಕವಡೆ ಅಂಗೈಯಲ್ಲಿ ಕುಲುಕಿ ಬಿಟ್ಟರು. ನಾಲ್ಕೂ ಬೋರಲು. ಬಾರ. ಕಲ್ಲಿನ ನಗಾರಿ. ಮೂವರೂ ಉಸಿರು ಹಿಡಿದರು. ಎರಡನೆಯ ಗರಕ್ಕೆ ಅವ್ವ ಕವಡೆ ಆರಿಸಿಕೊಳ್ಳುವಷ್ಟರಲ್ಲಿ ಕರೆಂಟ್ ಬಂತು. ಓಣಿಯ ಹುಡುಗರೆಲ್ಲ ಒಟ್ಟಿಗೆ “ಹೋ” ಅಂದರು. ನಮ್ಮವರೂ ಚಾರ್ಜರ್ ಹುಡುಕುತ್ತ ಮೆಟ್ಟಿಲಿಳಿದು ಓಡಿದರು. ಅವ್ವ ಕವಡೆ ಗಂಟಿಗೆ ಕಟ್ಟಿಕೊಂಡು ಸಂಡಿಗೆ ಮರ ಎತ್ತಿದರು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಅಕ್ಕಾರು ಬಾಗಿಲಿಗೆ ಬಂದರು. “ಮಾಸ್ತರ, ಇದು ನಿಮ್ಮ ಹುಡುಗ್ರದೇನ್ರಿ? ಅಕ್ಕಿ ಆರಿಸಾಕ ಕುಂತಿದ್ದೆ, ಮರದಾಗ ಬಂತು. ಹಲ್ಲಿಗೆ ಸಿಕ್ಕಿದ್ರ ಗತಿ ಏನು?”

ಹೌದು ನಮ್ಮದೇ ಅಂದೆ. ಆಟದ್ದು, ಉರುಳಿಸಿದರೆ ಒಂದೊಂದು ಅಂಕಿಗೆ ಒಂದೊಂದು ಬರುತ್ತದೆ ಅಂತ ಹೇಳಿದೆ. ಅವರಿಗೂ ಕುತೂಹಲ. ಕಟ್ಟೆಯ ಮೇಲೆ ಮೆಲ್ಲಗೆ ಉರುಳಿಸಿದರು.

“ಹದಿನೇಳು. ಇದಕ್ಕೇನು ಬರ್ತದ್ರಿ?”

ಆ ಪ್ರಶ್ನೆಪತ್ರಿಕೆ ಇನ್ನೂ ಅಂಗಿಯ ಜೇಬಿನಲ್ಲೇ ಇತ್ತು. ತೆಗೆದು, ಮಡಿಕೆ ಬಿಚ್ಚಿ, ಗಂಭೀರವಾಗಿ ಓದಿ ಹೇಳಿದೆ.

ಅಕ್ಕಾರು ನಗಲಿಲ್ಲ. ಒಂದು ಕೈಯಲ್ಲಿ ದಾಳ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಸೆರಗು ಸರಿಸಿ ಎಡಗಿವಿ ಮುಟ್ಟಿ ನೋಡಿಕೊಂಡರು.