ನಾಲ್ಕು ಗಂಟೆ ಆದ ಮೇಲೆ ಮಗು ಎಲ್ಲಿ?

ಅಂಗನವಾಡಿಗೆ ಫೀಸಿಲ್ಲ, ಬಿಪಿಎಲ್ ಕಾರ್ಡೂ ಬೇಕಿಲ್ಲ. ಆದರೂ ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಅದು ಅರ್ಧಂಬರ್ಧ ಉಪಯೋಗ. ಅಂಗನವಾಡಿ ಸಾಮಾನ್ಯವಾಗಿ ತೆರೆಯುವುದು ಒಂಬತ್ತೂವರೆಗೆ, ಬಾಗಿಲು ಹಾಕುವುದು ನಾಲ್ಕಕ್ಕೆ. ಪಂಚಿಂಗ್ ಒಂಬತ್ತಕ್ಕೆ, ಬಿಡುವುದು ಐದೂವರೆಗೆ ಅಂತಾದರೆ ಎರಡೂ ತುದಿಯಲ್ಲಿ ಮಗು ನೋಡುವವರಿಲ್ಲ. ಹಾಗಾಗಿ ಸರ್ಕಾರದ ದುಡ್ಡಲ್ಲಿ ನಡೆಯುವ ಯಾವ ಕೇಂದ್ರಕ್ಕೇ ಹೋಗಿ, ಮೊದಲು ಕೇಳಬೇಕಾದ್ದು ಎರಡು ಮಾತು: ಎಷ್ಟು ತಿಂಗಳ ಮಗುವನ್ನು ತಗೋತೀರಿ, ಎಷ್ಟು ಗಂಟೆವರೆಗೆ ಇಟ್ಕೋತೀರಿ?

ವಯಸ್ಸಿನ ಲೆಕ್ಕದಲ್ಲೇ ಹೆಚ್ಚು ಜನ ಎಡವುತ್ತಾರೆ. ಅಂಗನವಾಡಿಯಲ್ಲಿ ಕೂತು ಆಡಿ, ಕಲಿತು, ಊಟ ಮಾಡುವವರು 3ರಿಂದ 6 ವರ್ಷದ ಮಕ್ಕಳು. 6 ತಿಂಗಳಿಂದ 3 ವರ್ಷದವರ ಹೆಸರನ್ನೂ ಬರೆದುಕೊಳ್ಳುತ್ತಾರೆ, ಆದರೆ ಅವರಿಗೆ ಸಿಗುವುದು ಮನೆಗೆ ಒಯ್ಯುವ ಆಹಾರ ಮಾತ್ರ. 'ಹೆಸರು ಬರ್ಕೊಂಡ್ರು, ಮಗೂನ ಮಾತ್ರ ಬೇಡ ಅಂದ್ರು' ಎಂದು ತಾಯಂದಿರು ಸಿಟ್ಟಾಗುವುದು ಇದಕ್ಕೇ. ಟೀಚರ್ ಬೇಕಂತ ಹಾಗೆ ಹೇಳುವುದಲ್ಲ. ಒಬ್ಬ ಟೀಚರ್, ಒಬ್ಬ ಸಹಾಯಕಿ ಇರುವ ಕಡೆ ತೊಟ್ಟಿಲು ತೂಗುವವರು ಯಾರು?

ಆ ಕೆಲಸಕ್ಕೆಂದೇ ಇರುವುದು ಪಾಲನಾ ಯೋಜನೆ. ಹಳೆಯ ರಾಷ್ಟ್ರೀಯ ಶಿಶುಪಾಲನಾ ಯೋಜನೆಯನ್ನು 2022ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಕಾರ್ಯಕ್ರಮವಾದ ಮಿಷನ್ ಶಕ್ತಿಯ ಅಡಿಗೆ ತಂದು ಈ ಹೆಸರಿಟ್ಟರು. ಆಯ್ದ ಅಂಗನವಾಡಿಗಳನ್ನೇ ಶಿಶುಪಾಲನಾ ಕೇಂದ್ರವಾಗಿಯೂ ನಡೆಸುವುದು ಇದರ ಮುಖ್ಯ ಬದಲಾವಣೆ. ಇಲ್ಲಿ 6 ತಿಂಗಳ ಕೂಸಿನಿಂದ 6 ವರ್ಷದವರೆಗೆ ತೆಗೆದುಕೊಳ್ಳುತ್ತಾರೆ. ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ನಿಮ್ಮ ಬೀದಿಯ ಅಂಗನವಾಡಿ ಈ ಪಟ್ಟಿಯಲ್ಲಿ ಇಲ್ಲದಿರಬಹುದು, ಪಕ್ಕದ ವಾರ್ಡಿನದು ಇರಬಹುದು. ಟೀಚರನ್ನು ಕೇಳಿ, ಅವರಿಗೆ ಗೊತ್ತಿಲ್ಲದಿದ್ದರೆ ಮೇಲ್ವಿಚಾರಕಿಯ ನಂಬರ್ ಇಸಿದುಕೊಳ್ಳಿ, ಅಥವಾ ನಿಮ್ಮ ಭಾಗದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೇ ಹೋಗಿ. ಎಲ್ಲರೂ 'ಸಿಡಿಪಿಓ ಆಫೀಸ್' ಅನ್ನುವುದು ಇದನ್ನೇ. ಏಳೂವರೆ ಗಂಟೆಯೂ ಗಾರ್ಮೆಂಟ್ಸ್ ಪಾಳಿಗೆ ಸಾಲುವುದಿಲ್ಲ, ಅದು ಬೇರೆ ಮಾತು.

ಕೂಸಿನ ಮನೆ ಅಂತ ಕೇಳಿರುತ್ತೀರಿ. ಅದೂ ಶಿಶುಪಾಲನಾ ಕೇಂದ್ರವೇ, ಆದರೆ ಗ್ರಾಮ ಪಂಚಾಯಿತಿಗಳದ್ದು, ನರೇಗಾ ಕೂಲಿಗೆ ಹೋಗುವ ತಾಯಂದಿರನ್ನು ಮನಸ್ಸಲ್ಲಿಟ್ಟು ಮಾಡಿದ್ದು. ನಗರದೊಳಗಿನ ವಾರ್ಡುಗಳಲ್ಲಿ ಹುಡುಕಿ ಪ್ರಯೋಜನವಿಲ್ಲ.

ಇನ್ನು ಸರ್ಕಾರ ತಾನು ನಡೆಸದೆ ಮಾಲೀಕರಿಂದ ನಡೆಸಬೇಕಾದ ಕೇಂದ್ರಗಳು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಈ 50ರಲ್ಲಿ ಗಂಡಸರೂ ಸೇರುತ್ತಾರೆ, ಇದು ಅನೇಕರಿಗೆ ಗೊತ್ತಿಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ಲೆಕ್ಕ ಉಳಿದುಕೊಂಡಿದೆ. ಪಾಳಿ ಮುಗಿಯುವವರೆಗೆ ಮಗು ಅಲ್ಲೇ ಇರುವುದರಿಂದ ಗಾರ್ಮೆಂಟ್ಸ್‌ನವರಿಗೆ ಅಂಗನವಾಡಿಗಿಂತ ಇದೇ ವಾಸಿ. ಎಚ್‌ಆರ್‌ನವರಿಗೆ ಬಾಯಲ್ಲಿ ಕೇಳಬೇಡಿ. ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಹೆರಿಗೆ ರಜೆಯ ಜೊತೆ ಒಂದು ಸಿಕ್ಕು ಇದೆ. ಮೊದಲ ಎರಡು ಮಕ್ಕಳಿಗೆ ರಜೆ 26 ವಾರ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಪೂರ್ತಿ 8 ವಾರ ಮುಂಚೆಯೇ ಖರ್ಚು ಮಾಡಿದರೆ ಕೆಲಸಕ್ಕೆ ಮರಳುವ ದಿನ ಕೂಸಿಗೆ ಬರೀ 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಪಾಲನಾ ಕೇಂದ್ರ ತೆಗೆದುಕೊಳ್ಳುವುದು ಆರು ತಿಂಗಳಾದ ಮೇಲೆ. ನಡುವಿನ ಎರಡು ತಿಂಗಳಿಗೆ ಊರಿಂದ ಅಮ್ಮನನ್ನೋ ಅತ್ತೆಯನ್ನೋ ಕರೆಸಬೇಕಾದೀತು, ರಜೆ ಬರೆಯುವಾಗಲೇ ಎಣಿಸಿಕೊಳ್ಳಿ.

ಕಟ್ಟಡ ಕೆಲಸದವರಿಗೆ ದಾರಿ ಬೇರೆ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಸೈಟಿನಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ಕಟ್ಟಡ ಕಾರ್ಮಿಕರ ಹಳೆಯ ಕಾಯ್ದೆ ಹೇಳುತ್ತಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಇರುವ ಮಹಿಳೆಗೆ 'ತಾಯಿ ಮಗು ಸಹಾಯ ಹಸ್ತ' ಯೋಜನೆಯಲ್ಲಿ ಮಗುವಿಗೆ 3 ವರ್ಷ ಆಗುವವರೆಗೆ ವರ್ಷಕ್ಕೆ ₹6,000 ಸಹ ಇದೆ. ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕಾರ್ಡ್ ಗಂಡನ ಹೆಸರಲ್ಲಿ ಮಾತ್ರ ಇದ್ದರೆ ಇದು ಸಿಗುವುದಿಲ್ಲ.

ಹೆಸರು ಬರೆಸಲು ಹೋಗುವಾಗ ಕೈಯಲ್ಲಿರಬೇಕಾದ್ದು ತಾಯಿ ಕಾರ್ಡ್, ಮಗುವಿನ ಜನನ ಪ್ರಮಾಣಪತ್ರ, ತಾಯಿಯ ಆಧಾರ್, ಮತ್ತು ಆ ಆಧಾರಿಗೆ ಜೋಡಿಸಿದ ಮೊಬೈಲ್. ಕಾರ್ಡಿನಲ್ಲಿ ಲಸಿಕೆಯ ಪುಟ ತೆರೆದು ನೋಡುತ್ತಾರೆ, ತೂಕ ಎತ್ತರ ಬರೆದುಕೊಳ್ಳುತ್ತಾರೆ. ಆಮೇಲೆ ಟೀಚರ್ ಮಕ್ಕಳ ಹೆಸರು ದಾಖಲಿಸುವ ಪೋಷಣ್ ಟ್ರ್ಯಾಕರ್ ಆಪ್ ತೆರೆಯುತ್ತಾರೆ, ಒಟಿಪಿ ಹೋಗುತ್ತದೆ. ಎಲ್ಲಿಗೆ? ಮದುವೆಯಾದ ಹೊಸದರಲ್ಲಿ ಕೊಟ್ಟಿದ್ದ ಗಂಡನ ಹಳೇ ನಂಬರಿಗೆ. ಅವನು ಹೆಬ್ಬಾಳ ಫ್ಲೈಓವರ್ ಮೇಲೆ ಆಟೋ ಓಡಿಸುತ್ತಿರುತ್ತಾನೆ, ಫೋನೆತ್ತುವುದರೊಳಗೆ ಒಟಿಪಿ ಸಮಯ ಮುಗಿದಿರುತ್ತದೆ. ಒಂದು ದಿನದ ಕೂಲಿ ಹಾಳು. ಮೊದಲೇ ಆಧಾರ್ ಕೇಂದ್ರದಲ್ಲಿ ನಿಮ್ಮ ನಂಬರಿಗೆ ಬದಲಿಸಿಕೊಳ್ಳಿ.

ರಾಯಚೂರು, ಕಲಬುರಗಿ ಕಡೆಯಿಂದ ಬಂದವರಿಗೆ ಇನ್ನೊಂದು ತೊಡಕು: ಮಗುವಿನ ಹೆಸರು ಊರಿನ ಅಂಗನವಾಡಿಯಲ್ಲೇ ಇರುತ್ತದೆ, ಇಲ್ಲಿ ಹೊಸದಾಗಿ ಸೇರಿಸಲು ಹೋದರೆ ಆಪ್ ಒಪ್ಪುವುದಿಲ್ಲ. 'ನಮ್ಮ ಏರಿಯಾದವರಲ್ಲ' ಎಂದು ಕಳಿಸಿದರೆ ಸುಮ್ಮನೆ ವಾಪಸ್ ಬರಬೇಡಿ, ಊರಿಂದ ಇಲ್ಲಿಗೆ ವರ್ಗಾಯಿಸಿ ಅಂತ ಕೇಳಿ. ಬಾಡಿಗೆ ಕರಾರು ಇಲ್ಲ ಅನ್ನುವುದೂ ನಿರಾಕರಿಸಲು ಕಾರಣವಲ್ಲ. ಮತ್ತೂ ಸತಾಯಿಸಿದರೆ ಸಿಡಿಪಿಓಗೆ ಅರ್ಜಿ, ಅಲ್ಲೂ ಆಗದಿದ್ದರೆ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದ 1902.

ಮಗುವನ್ನು ಅಂಗನವಾಡಿಗೆ ಹಾಕಿದರೆ, ಕೆಲಸಕ್ಕೆ ಸೇರಿದರೆ ಗೃಹಲಕ್ಷ್ಮಿಯ ₹2,000 ನಿಲ್ಲುತ್ತದಾ? ಇಲ್ಲ. ಅದು ನೋಡುವುದು ಮನೆಯೊಡತಿಯೋ ಗಂಡನೋ ಆದಾಯ ತೆರಿಗೆ ಕಟ್ಟುತ್ತಾರಾ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಾರಾ ಎಂಬುದನ್ನು.

ಸೇರಿಸಿದ ದಿನವೇ ಸಂಜೆ ಮಗುವನ್ನು ಕರೆದುಕೊಂಡು ಹೋಗುವವರ ಹೆಸರು, ಫೋನ್ ನಂಬರ್ ಟೀಚರ್ ಹತ್ತಿರ ಬರೆಸಿ. ಪಕ್ಕದ ಮನೆಯ ಅಕ್ಕನೇ ಬರುವುದಾದರೆ ಅವರನ್ನು ಒಮ್ಮೆ ಜೊತೆಗೆ ಕರೆದೊಯ್ದು ಮುಖ ತೋರಿಸಿ ಬನ್ನಿ. ಗುರುತಿಲ್ಲದವರ ಕೈಗೆ ಸಹಾಯಕಿ ಮಗು ಕೊಡುವುದಿಲ್ಲ, ಕೊಡಲೂಬಾರದು.